ಕಿಣ್ವಗಳ ಬಗ್ಗೆ ಕೇಳಿ: ಪ್ರಯೋಗಾಲಯದ ವೈದ್ಯೆಯೊಂದಿಗೆ ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಮುಂಬಯಿ ಮತ್ತು ಠಾಣೆಯ ಕನ್ನಡಿಗರ ಈ ಗುಂಪಿನಲ್ಲಿ ಇಂದು ಕಿಣ್ವಗಳ, ಅಂದರೆ ಎನ್‌ಜೈಮುಗಳ, ಕುರಿತ ಪ್ರಶ್ನೆಗಳಿಗೆ 26 ವರ್ಷ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ದುಡಿದ ನಮ್ಮ ಸದಸ್ಯೆಯೇ ಉತ್ತರಿಸುತ್ತಾರೆ. ಬೇರೆಡೆಯಿಂದ ಬಂದ ಸಂದೇಶಗಳನ್ನು ಇಲ್ಲಿಗೆ ದಾಟಿಸಬಾರದೆಂದು ವಿನಂತಿ.

ಮುಲುಂಡ್‌ನ ಸದಸ್ಯೆ: ಕಿಣ್ವವು ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ, ತಾನು ಖರ್ಚಾಗುವುದಿಲ್ಲ ಎಂದು ಹತ್ತನೆಯ ತರಗತಿಯ ನನ್ನ ಮಗಳಿಗೆ ಬಾಯಿಪಾಠವಾಗಿದೆ. ಹೇಗೆ ಹೆಚ್ಚಿಸುತ್ತದೆ ಎಂದು ಕೇಳಿದರೆ ಅವಳಿಗೂ ತಿಳಿಯದು, ನನಗೂ ತಿಳಿಯದು.

ವೈದ್ಯೆ: ಪುಣೆಗೆ ಹೋಗುವ ರೈಲು ಕರ್ಜತ್ ದಾಟಿದ ಮೇಲೆ ಭೋರ್ ಘಾಟನ್ನು ಏರಬೇಕಾಗುವುದರಿಂದ ಅದನ್ನು ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಘಾಟಿನ ನೆತ್ತಿಯನ್ನು ಕೊರೆದು ದಾರಿ ಮಾಡಿದರೆ ಪುಣೆಗಿಂತ ಮೇಲಕ್ಕೆ ಏರುವ ಶ್ರಮ ಉಳಿಯುತ್ತದೆ, ಆದರೆ ಮುಂಬಯಿಯಾಗಲಿ ಪುಣೆಯಾಗಲಿ ಇದ್ದ ಎತ್ತರದಲ್ಲೇ ಇರುತ್ತವೆ. ರಾಸಾಯನಿಕ ಕ್ರಿಯೆಯ ಮೊದಲು ಮತ್ತು ಕೊನೆಯ ನಡುವೆಯೂ ಶಕ್ತಿಯ ಇಂಥ ಏರೊಂದು ಇರುತ್ತದೆ, ಕಿಣ್ವ ತಗ್ಗಿಸುವುದು ಆ ಏರನ್ನು ಮಾತ್ರ. ಆಗಲಾರದ ಕ್ರಿಯೆಯನ್ನು ಅದು ಆಗಿಸುವುದಿಲ್ಲ. ಅದರ ಪ್ರೋಟೀನಿನ ಮಡಿಕೆಗಳ ನಡುವೆ ಇರುವ ಒಂದು ಕುಳಿಯು ತನಗೆ ಒಗ್ಗುವ ಅಣುವನ್ನಷ್ಟೇ ಹಿಡಿದು, ಮುರಿಯಬೇಕಾದ ಬಂಧವು ಸುಲಭವಾಗಿ ಮುರಿಯುವ ಭಂಗಿಯಲ್ಲಿ ಅದನ್ನು ಇರಿಸುತ್ತದೆ. 1894ರಲ್ಲಿ ಎಮಿಲ್ ಫಿಷರ್ ಇದಕ್ಕೆ ಬೀಗ ಮತ್ತು ಕೀಲಿಯ ಹೋಲಿಕೆ ಕೊಟ್ಟರು. ಅಣು ಬಂದು ಕೂತಾಗ ಕುಳಿಯೂ ಕೈಗವಸಿನಂತೆ ತುಸು ರೂಪ ಬದಲಿಸುತ್ತದೆ ಎಂದು 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ತಿದ್ದಿದರು. ಮಗಳಿಗೆ ಒಂದು ಹಿಡಿ ಒಣ ಅವಲಕ್ಕಿ ಕೊಟ್ಟು, ನುಂಗದೆ ಎರಡು ನಿಮಿಷ ಅಗಿಯಲು ಹೇಳಿ. ಬಾಯಿ ಸಿಹಿಯಾದರೆ ಅದು ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಕತ್ತರಿಸಿದ ರುಚಿ.

ಐರೋಲಿಯ ಸದಸ್ಯೆ: ಇಡ್ಲಿ ಹಿಟ್ಟು ಜೂನ್‌ನಲ್ಲಿ ಪಾತ್ರೆಯಿಂದ ಉಕ್ಕುತ್ತದೆ, ಜನವರಿಯಲ್ಲಿ ಏಳುವುದೇ ಇಲ್ಲ. ಇದೂ ಕಿಣ್ವದ ಕೆಲಸವೇ?

ಕಲ್ಯಾಣ್‌ನ ಸದಸ್ಯ: ನನ್ನ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂಬ ಕಿಣ್ವ 58 ಬಂದಿದೆ. ಕಿಣ್ವ ಹೆಚ್ಚಾಗುವುದು ಒಳ್ಳೆಯದಲ್ಲವೇ?

ವೈದ್ಯೆ: ಅಲ್ಲ. ಅದು ಯಕೃತ್ತಿನ ಕೋಶಗಳ ಒಳಗೆ ಇರಬೇಕಾದ ಕಿಣ್ವ. ರಕ್ತದಲ್ಲಿ ಹೆಚ್ಚಾಗಿ ಕಂಡರೆ ಕೋಶಗಳಿಂದ ಸೋರುತ್ತಿದೆ ಎಂದರ್ಥ. ಒಂದು ಸಂಖ್ಯೆಯನ್ನು ನೋಡಿ ಕಾರಣ ಹೇಳಲಾಗದು. ವರದಿ ಬರೆಸಿದ ವೈದ್ಯರಿಗೇ ತೋರಿಸಿ.

ಡೊಂಬಿವಲಿಯ ಸದಸ್ಯ: ಒಂದು ಸಂದೇಶ ಬಂದಿದೆ. ಕಿತ್ತಳೆ ಸಿಪ್ಪೆ, ಬೆಲ್ಲ ಮತ್ತು ನೀರನ್ನು ಮೂರು ತಿಂಗಳು ಕೊಳೆಸಿ ಬರುವ ‘ಬಯೋ ಎನ್‌ಜೈಮ್’ ಅನ್ನು ದಿನಕ್ಕೆ ಎರಡು ಚಮಚ ಕುಡಿದರೆ ವಯಸ್ಸಿನೊಂದಿಗೆ ಬತ್ತಿದ ಕಿಣ್ವಗಳು ಮರಳಿ ತುಂಬುತ್ತವೆಯಂತೆ.

ವೈದ್ಯೆ: ಅದು ನೆಲ ಒರೆಸುವ ದ್ರಾವಣ. ಅದರಲ್ಲಿ ಬಹುಪಾಲು ಕೆಲಸ ಮಾಡುವುದು ಹುಳಿ, ಮುಖ್ಯವಾಗಿ ವಿನೆಗರಿನ ಆಮ್ಲ. ಅದರಲ್ಲಿ ಯಾವುದಾದರೂ ಕಿಣ್ವ ಉಳಿದಿದ್ದರೂ ಅದೊಂದು ಪ್ರೋಟೀನು. ಜಠರದ ಆಮ್ಲ ಅದರ ಮಡಿಕೆ ಬಿಚ್ಚುತ್ತದೆ, ಪೆಪ್ಸಿನ್ ಅದನ್ನು ತೊಗರಿಬೇಳೆಯಂತೆ ಜೀರ್ಣಿಸುತ್ತದೆ. ದೇಹವು ಕೊಡದಿಂದ ತುಂಬುವ ಹಂಡೆಯಲ್ಲ. ಮೂರು ತಿಂಗಳು ಕೊಳೆತದ್ದರಲ್ಲಿ ಯಾವ ಸೂಕ್ಷ್ಮಜೀವಿ ಬೆಳೆದಿದೆ ಎಂದು ಸಂದೇಶ ಕಳುಹಿಸಿದವರು ನೋಡಿದ್ದಾರೆಯೇ?

ಠಾಣೆಯ ಸದಸ್ಯೆ: ಹಾಗಾದರೆ ನನ್ನ ಮಾವನಿಗೆ ಊಟದ ಜೊತೆ ಕಿಣ್ವದ ಗುಳಿಗೆ ಕೊಟ್ಟದ್ದೇಕೆ?

ವೈದ್ಯೆ: ನ್ಯಾಯವಾದ ಪ್ರಶ್ನೆ. ಅವರ ಮೇದೋಜ್ಜೀರಕ ಗ್ರಂಥಿಯು ಸಾಕಷ್ಟು ಕಿಣ್ವವನ್ನು ಸುರಿಸುತ್ತಿರಲಿಕ್ಕಿಲ್ಲ. ಆ ಗುಳಿಗೆಗೆ ಆಮ್ಲದಲ್ಲಿ ಕರಗದ ಲೇಪವಿದ್ದು, ಅದು ಸಣ್ಣ ಕರುಳಿಗೆ ಹೋಗಿ ಬಿಚ್ಚಿಕೊಳ್ಳುತ್ತದೆ. ಅದನ್ನು ನಿಲ್ಲಿಸಬೇಡಿ.

ಮಾಟುಂಗದ ಸದಸ್ಯ: ಬೇಯಿಸಿದ ಅನ್ನದಲ್ಲಿ ಕಿಣ್ವ ಸಾಯುತ್ತದೆ ಎನ್ನುವುದು ಸತ್ಯ ತಾನೇ? ನಮ್ಮ ಹಿರಿಯರು ಹಸಿಯಾಗಿ ತಿಂದು ನೂರು ವರ್ಷ ಬದುಕಿದರು.

ಠಾಣೆಯ ಸದಸ್ಯೆ: ಯಾರ ಹಿರಿಯರು? ನಮ್ಮ ಹಿರಿಯರು ಕುಚ್ಚಲಕ್ಕಿ ಗಂಜಿ ಬೇಯಿಸಿಕೊಂಡು ಉಣ್ಣುತ್ತಿದ್ದರು.

ವಸಾಯಿಯ ಸದಸ್ಯ: ನಡುವೆ ಬಂದುದಕ್ಕೆ ಕ್ಷಮಿಸಿ. 9 ವರ್ಷದ ಮಗನಿಗೆ ವೈವಾಕ್ಸ್ ಮಲೇರಿಯಾ ಆಗಿತ್ತು. ಜ್ವರ ಇಳಿದಿದೆ. ಪ್ರಿಮಾಕ್ವಿನ್ ಶುರುವಾಗಿ ಇಂದಿಗೆ ಮೂರನೆಯ ದಿನ. ಬೆಳಿಗ್ಗೆಯಿಂದ ಮೂತ್ರ ಕಾಫಿ ಡಿಕಾಕ್ಷನ್‌ನಂತಿದೆ, ಕಣ್ಣು ಹಳದಿಯಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದಕ್ಕೂ ಕಿಣ್ವಕ್ಕೂ ಸಂಬಂಧವಿದೆಯೆಂದು ಎಲ್ಲೋ ಓದಿದೆ.

ವೈದ್ಯೆ: ಮುಂದಿನ ಮಾತ್ರೆ ಕೊಡಬೇಡಿ. ಈಗಲೇ ಮಕ್ಕಳ ವಿಭಾಗವಿರುವ ಆಸ್ಪತ್ರೆಯ ತುರ್ತು ಘಟಕಕ್ಕೆ ಹೊರಡಿ, ಮಾತ್ರೆಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ, ‘ಪ್ರಿಮಾಕ್ವಿನ್, ಮೂರನೆಯ ದಿನ, ಕಪ್ಪು ಮೂತ್ರ, ಜಿ6ಪಿಡಿ’ ಎಂದು ಬಾಗಿಲಲ್ಲೇ ಹೇಳಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ಕೆಂಪು ರಕ್ತಕಣವೊಂದು ಸುಮಾರು 120 ದಿನ ಬದುಕುತ್ತದೆ. ಅದಕ್ಕೆ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯಾ ಇಲ್ಲ. ಹುಟ್ಟುವಾಗ ಕಟ್ಟಿಕೊಂಡ ಬುತ್ತಿಯಲ್ಲೇ, ಅಂದರೆ ಆಗ ತಯಾರಾದ ಕಿಣ್ವಗಳಲ್ಲೇ, ಅದು ಕೊನೆಯವರೆಗೆ ಸಾಗಬೇಕು, ಹೊಸದನ್ನು ಮಾಡಿಕೊಳ್ಳಲಾರದು. ಆಮ್ಲಜನಕವನ್ನು ಹೊರುವ ಕೆಲಸವೇ ಅದಾದ್ದರಿಂದ ಉತ್ಕರ್ಷಣದ, ಅಂದರೆ ಆಕ್ಸಿಡೇಷನ್ನಿನ, ಪೆಟ್ಟು ಅದಕ್ಕೆ ದಿನವೂ ಬೀಳುತ್ತದೆ. ಆ ಪೆಟ್ಟನ್ನು ತಡೆಯುವುದು ಗ್ಲುಟಾಥಯೋನ್ ಎಂಬ ಚಿಕ್ಕ ಅಣು. ಪೆಟ್ಟು ತಿಂದ ಗ್ಲುಟಾಥಯೋನನ್ನು ಮತ್ತೆ ಸಜ್ಜುಗೊಳಿಸಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು. ಕೆಂಪು ಕಣದಲ್ಲಿ ಎನ್‌ಎಡಿಪಿಎಚ್ ಹುಟ್ಟುವ ದಾರಿಯ ಮೊದಲ ಬಾಗಿಲನ್ನು ಕಾಯುವ ಕಿಣ್ವವೇ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್, ಚಿಕ್ಕದಾಗಿ ಜಿ6ಪಿಡಿ. ಬೇರೆ ಕೋಶಗಳಿಗೆ ಎನ್‌ಎಡಿಪಿಎಚ್ ಪಡೆಯಲು ಬೇರೆ ದಾರಿಗಳಿವೆ, ಇದಕ್ಕೆ ಇಲ್ಲ. ಈ ಕಿಣ್ವ ಕಡಿಮೆಯಿರುವ ಮಗು ಸಾಮಾನ್ಯ ದಿನಗಳಲ್ಲಿ ಎಲ್ಲ ಮಕ್ಕಳಂತೆ ಆಡಿಕೊಂಡಿರುತ್ತದೆ. ಪ್ರಿಮಾಕ್ವಿನ್‌ನಂಥ ಔಷಧ ಒಳಗೆ ಹೋಗಿ ಉತ್ಕರ್ಷಣದ ಹೊರೆ ಹೆಚ್ಚಿದಾಗ ಮಾತ್ರ ಹಳೆಯ ಕಣಗಳು ಮೊದಲು ಒಡೆದು, ಅವುಗಳ ಹಿಮೋಗ್ಲೋಬಿನ್ ಮೂತ್ರವನ್ನು ಕಪ್ಪಾಗಿಸುತ್ತದೆ. ಪ್ರಿಮಾಕ್ವಿನ್ ಕೆಲವರಲ್ಲಿ ಮಾತ್ರ ರಕ್ತ ಒಡೆಯುವುದೇಕೆ ಎಂದು ಹುಡುಕುತ್ತಲೇ ಸಂಶೋಧಕರು 1956ರಲ್ಲಿ ಈ ಕಿಣ್ವದ ಕೊರತೆಯನ್ನು ಗುರುತಿಸಿದರು.

ಡೊಂಬಿವಲಿಯ ಸದಸ್ಯ: ಮಗುವಿಗೆ ಪಪ್ಪಾಯ ಎಲೆಯ ರಸ ಕೊಡಿ, ರಕ್ತ ಏರುತ್ತದೆ ಎಂದು ಒಂದು ಸಂದೇಶ...

ವೈದ್ಯೆ: ಕೊಡಬೇಡಿ. ಏನನ್ನೂ ಕೊಡಬೇಡಿ. ರಕ್ತ ಒಡೆಯುತ್ತಿರುವ ಮಗುವಿನ ಮೇಲೆ ಸಂದೇಶಗಳ ಪ್ರಯೋಗ ಬೇಡ. ಇಂಥದ್ದನ್ನು ಇನ್ನೊಮ್ಮೆ ಹಾಕಿದರೆ ನಾನು ಈ ಗುಂಪಿನಲ್ಲಿ ಉತ್ತರಿಸುವುದಿಲ್ಲ.

ಮಾಟುಂಗದ ಸದಸ್ಯ: ಎಲೆಯ ರಸ ತಪ್ಪು, ರಕ್ತ ಒಡೆಸಿದ ನಿಮ್ಮ ಮಾತ್ರೆ ಮಾತ್ರ ಸರಿ, ಅಲ್ಲವೇ?

ಠಾಣೆಯ ಸದಸ್ಯೆ: ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಮೇಲೆ ಮತ್ತೆ ಎದ್ದು ಬರುತ್ತದೆ. ಅದನ್ನು ಅಲ್ಲಿಂದ ಕೀಳಲು ಆ ಮಾತ್ರೆ ಕೊಡುತ್ತಾರೆ. ತಿಳಿಯದಿದ್ದರೆ ಸುಮ್ಮನಿರಬಹುದು.

ಮಾಟುಂಗದ ಸದಸ್ಯ: ಸುಮ್ಮನಿರಲು ನಿಮ್ಮ ಅಪ್ಪಣೆ ಬೇಕಿಲ್ಲ. ಮೊದಲು ‘ಕಿಣ್ವ’ ಎಂಬ ಪದವನ್ನಾದರೂ ಬಿಡಿ, ಸಂಸ್ಕೃತದಲ್ಲಿ ಅದು ಹೆಂಡಕ್ಕೆ ಹಾಕುವ ಹುದುಗು.

ಠಾಣೆಯ ಸದಸ್ಯೆ: ಎನ್‌ಜೈಮ್ ಎಂದರೂ ಗ್ರೀಕಿನಲ್ಲಿ ‘ಹುದುಗಿನಲ್ಲಿ’ ಎಂದೇ ಅರ್ಥ. ಯಾವುದನ್ನು ಬಿಡೋಣ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ವೈದ್ಯೆ: ಮಾತ್ರೆ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಬೇಕಿತ್ತು ಎಂಬ ದೂರಿದ್ದರೆ ಅದು ಸರಿಯಾದ ದೂರು, ಅದನ್ನು ನಾನೂ ಮಾಡುತ್ತೇನೆ. ಎಲೆಯ ರಸಕ್ಕೆ ಅದರಿಂದ ಸಮರ್ಥನೆ ದೊರೆಯುವುದಿಲ್ಲ.

ಕಲ್ಯಾಣ್‌ನ ಸದಸ್ಯ: 58 ಎಂದರೆ ಅಪಾಯವೇ?

ಕುರ್ಲಾದ ಸದಸ್ಯೆ: ನನ್ನದು 61.

ವೈದ್ಯೆ: ಮೇಲೆ ಉತ್ತರಿಸಿದ್ದೇನೆ.

ವಸಾಯಿಯ ಸದಸ್ಯ: ದಾಖಲಿಸಿಕೊಂಡರು. ಹಿಮೋಗ್ಲೋಬಿನ್ 6.4. ರಕ್ತ ಕೊಡುತ್ತಿದ್ದಾರೆ. ಆದರೆ ಜಿ6ಪಿಡಿ ವರದಿ ‘ಸಾಮಾನ್ಯ’ ಎಂದು ಬಂದಿದೆ, ಮತ್ತೆ ಮಾತ್ರೆ ಮುಂದುವರಿಸಬಹುದೇ ಎಂದು ಮನೆಯವರು ಕೇಳುತ್ತಿದ್ದಾರೆ.

ವೈದ್ಯೆ: ಆ ‘ಸಾಮಾನ್ಯ’ವನ್ನು ನಂಬಬೇಡಿ. ಕಿಣ್ವ ಬತ್ತಿದ ಹಳೆಯ ಕಣಗಳು ಒಡೆದುಹೋಗಿವೆ. ಈಗ ಉಳಿದಿರುವ ಎಳೆಯ ಕಣಗಳಲ್ಲಿ ಕಿಣ್ವ ಇನ್ನೂ ತಾಜಾ ಇರುವುದರಿಂದ ಪರೀಕ್ಷೆ ಮೋಸ ಮಾಡುತ್ತದೆ. ರಕ್ತ ಕೊಟ್ಟ ಮೇಲೆ ತೆಗೆದ ಮಾದರಿಯಾದರೆ ಅದರಲ್ಲಿ ದಾನಿಯ ಕಣಗಳೂ ಸೇರಿರುತ್ತವೆ. ಸುಮಾರು ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ, ಅಲ್ಲಿಯವರೆಗೆ ಕೊರತೆ ಇದೆಯೆಂದೇ ನಡೆದುಕೊಳ್ಳಿ. ಅಡಗಿದ ಮಲೇರಿಯಾಕ್ಕೆ ಏನು ಮಾಡಬೇಕೆಂಬುದನ್ನು ಅಲ್ಲಿನ ವೈದ್ಯರು ತೀರ್ಮಾನಿಸಲಿ. ಕೊರತೆಯಿರುವವರಿಗೆ ವಾರಕ್ಕೊಮ್ಮೆ, ನಿಗಾ ಇಟ್ಟು ಕೊಡುವ ಕ್ರಮವೂ ಇದೆ, ಆದರೆ ಅದು ಮನೆಯಲ್ಲಿ ಲೆಕ್ಕ ಹಾಕುವ ವಿಷಯವಲ್ಲ.

ವಸಾಯಿಯ ಸದಸ್ಯ: ನನ್ನ ಹೆಂಡತಿಯ ಅಣ್ಣನಿಗೆ ಹುಟ್ಟಿದಾಗ ಕಾಮಾಲೆ ಬಹಳ ಏರಿತ್ತಂತೆ. ಸಂಬಂಧವಿದೆಯೇ? ನಮಗೆ ಇನ್ನೊಬ್ಬ ಮಗ ಇದ್ದಾನೆ, 2 ವರ್ಷ.

ವೈದ್ಯೆ: ಇರಬಹುದು. ಈ ಕಿಣ್ವದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ, ಆದ್ದರಿಂದ ಸೋದರಮಾವನ ಕಥೆಯನ್ನು ವೈದ್ಯರಿಗೆ ತಪ್ಪದೆ ಹೇಳಿ. ಚಿಕ್ಕವನಿಗೂ ಪರೀಕ್ಷೆ ಮಾಡಿಸಿ. ಮನೆಯ ಕಪಾಟಿನಲ್ಲಿ ಡಾಂಬರ್ ಗುಳಿಗೆಗಳಿದ್ದರೆ ಇಂದೇ ತೆಗೆದುಹಾಕಿ. ಅವು ನಾಫ್ತಲೀನ್ ಆಗಿದ್ದರೆ ಅದರೊಂದಿಗೆ ಇಟ್ಟ ಬಟ್ಟೆ ತೊಡಿಸಿದರೂ ಇಂಥ ಮಕ್ಕಳ ರಕ್ತ ಒಡೆಯಬಹುದು. ಮಳೆಗಾಲಕ್ಕೆಂದು ಕಟ್ಟಿಟ್ಟ ಹಾಸಿಗೆಗಳ ನಡುವೆಯೂ ಹುಡುಕಿ.

ವಸಾಯಿಯ ಸದಸ್ಯ: ಇವೆ. ಅಮ್ಮನಿಗೆ ಫೋನ್ ಮಾಡಿದೆ.

ಮಾಟುಂಗದ ಸದಸ್ಯ: ನನ್ನ ಹಸಿ ಆಹಾರದ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

ವೈದ್ಯೆ: ಬೇಯಿಸಿದಾಗ ತರಕಾರಿಯ ಕಿಣ್ವ ಕೆಡುತ್ತದೆ. ಅದು ತರಕಾರಿಗೆ ಬೇಕಾಗಿದ್ದ ಕಿಣ್ವ. ಇಂದಿಗೆ ನಾನು ಹೊರಡುತ್ತೇನೆ.

ಐರೋಲಿಯ ಸದಸ್ಯೆ: ಇಡ್ಲಿ ಹಿಟ್ಟಿನದು?