ಬೆಂಗಳೂರಿನ ಲಾ ಫರ್ಮ್‌ಗಳ ಇಂಟರ್ನ್‌ಶಿಪ್‌ಗೆ ದಾವಣಗೆರೆಯ ವಿದ್ಯಾರ್ಥಿಗಳು ಅರ್ಜಿ ಹಾಕುವುದು ಹೇಗೆ?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ 5 ವರ್ಷದ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮನೆಯಲ್ಲಾಗಲಿ ಬಂಧುಬಳಗದಲ್ಲಾಗಲಿ ವಕೀಲಿ ವೃತ್ತಿಯಲ್ಲಿರುವವರು ಯಾರೂ ಇಲ್ಲ. ಕಳೆದ ರಜೆಗೆ ಮುಂಚೆ ಬೆಂಗಳೂರಿನ ಹಲವು ಲಾ ಫರ್ಮ್‌ಗಳಿಗೆ ಇಂಟರ್ನ್‌ಶಿಪ್ ಕೋರಿ ಇ-ಮೇಲ್ ಕಳುಹಿಸಿದ್ದೆ. ಒಂದೆರಡು ಕಡೆಯಿಂದ ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಉತ್ತರ ಬಂದಿತೇ ಹೊರತು ಮುಂದೇನೂ ಆಗಲಿಲ್ಲ.

ಅಂತರಜಾಲದಲ್ಲಿ ಹುಡುಕಿದರೆ ‘ಟ್ರೇನಿಂಗ್ ಕಾಂಟ್ರ್ಯಾಕ್ಟ್’, ‘ವೆಕೇಶನ್ ಸ್ಕೀಮ್’ ಎಂಬ ಮಾತುಗಳೇ ಹೆಚ್ಚಾಗಿ ಸಿಗುತ್ತವೆ. ಇವು ನಮಗೂ ಅನ್ವಯಿಸುತ್ತವೆಯೇ ಎಂಬುದು ನನ್ನ ಮೊದಲ ಸಂದೇಹ. ಎರಡನೆಯದಾಗಿ, ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಒಬ್ಬ ಸೀನಿಯರ್ ಬಳಿ ಕೆಲಸ ಕಲಿತರೆ ಅದಕ್ಕೆ ಫರ್ಮ್‌ಗಳಲ್ಲಿ ಬೆಲೆ ಇದೆಯೇ, ಅಥವಾ ಮೊದಲಿನಿಂದಲೂ ಬೆಂಗಳೂರನ್ನೇ ಹಿಡಿಯಬೇಕೇ? ನನ್ನ ಸಹಪಾಠಿಗಳಲ್ಲಿ ಹಲವರು ಪರಿಚಯದ ವಕೀಲರಿಂದ ಸರ್ಟಿಫಿಕೇಟ್ ಬರೆಸಿಕೊಂಡು ಸುಮ್ಮನಾಗುತ್ತಾರೆ. ನನಗೆ ಕೆಲಸವನ್ನೇ ಕಲಿಯುವ ಆಸೆ ಇದೆ. ಅರ್ಜಿಯಲ್ಲಿ ಏನು ಬರೆಯಬೇಕು, ಯಾರಿಗೆ ಬರೆಯಬೇಕು ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ವಕೀಲರು, ದಾವಣಗೆರೆ

ಮೊದಲ ಸಂದೇಹಕ್ಕೆ ಉತ್ತರ ಸುಲಭವಾಗಿದೆ. ಟ್ರೇನಿಂಗ್ ಕಾಂಟ್ರ್ಯಾಕ್ಟ್ ಎನ್ನುವುದು ಇಂಗ್ಲೆಂಡಿನ ಸಾಲಿಸಿಟರ್‌ಗಳ (ಅಲ್ಲಿನ ಒಂದು ಬಗೆಯ ವಕೀಲರ) ಪದ್ಧತಿ. ವೆಕೇಶನ್ ಸ್ಕೀಮ್ ಎಂದರೆ ಅಲ್ಲಿನ ಫರ್ಮ್‌ಗಳು ವಿದ್ಯಾರ್ಥಿಗಳಿಗೆ ರಜೆಯಲ್ಲಿ ಕೊಡುವ ಕಿರು ಅವಧಿಯ ಕೆಲಸ. ಅಲ್ಲಿ ಸಾಲಿಸಿಟರ್ ಆಗಬೇಕಾದರೆ ಎರಡು ವರ್ಷಗಳ ಕೆಲಸದ ಅನುಭವ ಬೇಕಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಸನ್ನದಿಗೆ (ವಕೀಲಿ ಮಾಡಲು ಬೇಕಾದ ನೋಂದಣಿಗೆ) ಮೊದಲು ಒಂದು ವರ್ಷದ ತರಬೇತಿಯನ್ನು ಕಡ್ಡಾಯಗೊಳಿಸಿ ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ನಿಯಮ ಮಾಡಿತ್ತಾದರೂ, ಅಂಥ ನಿಯಮ ಮಾಡುವ ಅಧಿಕಾರ ಪರಿಷತ್ತಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಸುಧೀರ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. ಹಾಗಾಗಿ ಇಲ್ಲಿ ಕೆಲಸ ಕಲಿಯುವ ಕಾಲವೆಂದರೆ ಓದುವಾಗಿನ ಇಂಟರ್ನ್‌ಶಿಪ್ ಮತ್ತು ಸನ್ನದು ಪಡೆದ ನಂತರದ ಜೂನಿಯರ್ ದಿನಗಳು, ಇವೆರಡೇ.

ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ 3 ವರ್ಷದ ಪದವಿಗೆ ಕನಿಷ್ಠ 12 ವಾರ, 5 ವರ್ಷದ ಪದವಿಗೆ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಆಗಬೇಕು. ಯಾವುದೇ ವರ್ಷದಲ್ಲಿ ಸತತವಾಗಿ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ವಿದ್ಯಾರ್ಥಿಗಳು ಗಮನಿಸದೆ ಬಿಡುವ ಇನ್ನೊಂದು ಮಾತು ಅದೇ ನಿಯಮದಲ್ಲಿದೆ: ವಿಚಾರಣಾ ನ್ಯಾಯಾಲಯದ ವಕೀಲರ ಬಳಿ ಮತ್ತು ಮೇಲ್ಮನವಿ ನಡೆಸುವ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು. ಅಂದರೆ ನೀವು ಎಷ್ಟೇ ದೊಡ್ಡ ಫರ್ಮ್ ಸೇರಿದರೂ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತದೆ ನಿಯಮ ಪೂರೈಸುವುದಿಲ್ಲ. ಬೆಂಗಳೂರಿನ ವಿದ್ಯಾರ್ಥಿಗಳು ಈ ಅನುಭವಕ್ಕಾಗಿ ನಗರದ ವಾಹನ ದಟ್ಟಣೆಯಲ್ಲಿ ಅಲೆಯುವಾಗ, ಅದು ನಿಮ್ಮ ಕಾಲೇಜಿನ ಊರಿನಲ್ಲೇ ಇದೆ.

ಆದರೆ ಕಾಲವನ್ನು ನೋಡಿ ಆರಿಸಿಕೊಳ್ಳಿ. ವಿದ್ಯಾರ್ಥಿಗಳು ಮೇ ತಿಂಗಳಲ್ಲಿ ನನ್ನ ಬಳಿ ಬಂದು ಕೇಳುತ್ತಾರೆ. ಆಗ ಸಿವಿಲ್ ನ್ಯಾಯಾಲಯಗಳಿಗೇ ಬೇಸಿಗೆ ರಜೆ ಇರುವುದರಿಂದ ಪಾಟೀ ಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ನೋಡಲು ಸಿಗುವುದಿಲ್ಲ. ಬೇಸಿಗೆ ರಜೆಯನ್ನು ಫರ್ಮ್‌ಗೆ ಇಟ್ಟುಕೊಂಡು, ಸೆಮಿಸ್ಟರ್ ನಡುವಿನ ರಜೆಯನ್ನು ಇಲ್ಲಿನ ಕಲಾಪಕ್ಕೆ ಕೊಡುವುದು ಮೇಲು. ಸೀನಿಯರ್‌ರನ್ನು ಕೋರ್ಟಿನ ವರಾಂಡದಲ್ಲಿ ತಡೆದು ಕೇಳಬೇಡಿ. ಪ್ರಾಂಶುಪಾಲರ ಪತ್ರ ಹಿಡಿದು ಸಂಜೆ ಆಫೀಸಿಗೆ ಹೋಗಿ, ಕಕ್ಷಿದಾರರು ಕಡಿಮೆಯಾದ ಮೇಲೆ ಮಾತನಾಡಿ.

ಸೇರಿದ ಮೇಲೆ ಹತ್ತು ಕೇಸುಗಳ ತಾರೀಖು ಬರೆದುಕೊಳ್ಳುವುದಕ್ಕಿಂತ ಒಂದೇ ಪಾಲು ವಿಭಾಗದ ದಾವೆಯ ಕಟ್ಟನ್ನು ವಾದಪತ್ರದಿಂದ ಹಿಡಿದು ಕಡೆಯ ಆದೇಶ ಪತ್ರದವರೆಗೆ ಓದುವುದು ಹೆಚ್ಚು ಫಲಕಾರಿ ಎಂದು ನಾನು ಬಲವಾಗಿ ನಂಬಿದ್ದೇನೆ. ವಂಶವೃಕ್ಷ ಏಕೆ ಲಗತ್ತಿಸಿದರು, ಪ್ರತಿವಾದಿ ಲಿಖಿತ ಹೇಳಿಕೆಯಲ್ಲಿ ಯಾವುದನ್ನು ಒಪ್ಪಿ ಯಾವುದನ್ನು ನಿರಾಕರಿಸಿದ, ಅದರಿಂದ ಯಾವ ವಿವಾದಾಂಶಗಳು ರೂಪುಗೊಂಡವು ಎಂಬ ಎಳೆ ಹಿಡಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆ ತಾನಾಗಿ ಅರ್ಥವಾಗುತ್ತದೆ. ನಕಲು ಶಾಖೆಗೆ ಅರ್ಜಿ ಹಾಕುವುದನ್ನೂ ಕಲಿಯಿರಿ. ಅದು ಗುಮಾಸ್ತರ ಕೆಲಸವೆಂದು ದೂರ ಇಡಬೇಡಿ.

ಇನ್ನೊಂದು ದಾರಿಯನ್ನೂ ಹೇಳುತ್ತೇನೆ. ದಾವಣಗೆರೆಗೆ ಧಾರವಾಡ ಪೀಠ ಹತ್ತಿರವಾದರೂ ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ಆದ್ದರಿಂದ ಇಲ್ಲಿನ ಬಹುತೇಕ ಸೀನಿಯರ್‌ಗಳು ಬೆಂಗಳೂರಿನ ಯಾರಾದರೊಬ್ಬ ಹೈಕೋರ್ಟ್ ವಕೀಲರಿಗೆ ಕಡತಗಳನ್ನು ಕಳುಹಿಸುತ್ತಿರುತ್ತಾರೆ. ನೀವು ಓದಿದ ಕೇಸು ಮೇಲ್ಮನವಿಗೆ ಹೋದಾಗ, ಅದೇ ಕೇಸಿನ ಜೊತೆ ಅವರ ಕಚೇರಿಯಲ್ಲಿ ಕೆಲವು ವಾರ ಇರಲು ಅವಕಾಶ ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಮನೆಯಲ್ಲಿ ವಕೀಲರಿಲ್ಲದ ವಿದ್ಯಾರ್ಥಿಗೆ ಪರಿಚಯ ಹುಟ್ಟುವುದು ಹೀಗೆ, ಕೆಲಸದ ಮೂಲಕ.

ಉತ್ತರ 2: ಅಸೋಸಿಯೇಟ್, ಬೆಂಗಳೂರು (ಊರು ಚಿತ್ರದುರ್ಗ)

ತಂಗಿ, ಹಿರಿಯರು ಹೇಳಿದ್ದಕ್ಕೆ ಫರ್ಮ್‌ನ ಒಳಗಿನಿಂದ ನಾನು ಕಂಡಿದ್ದನ್ನು ಸೇರಿಸುತ್ತೇನೆ. ನಾನು ಕೆಲಸ ಮಾಡುವುದು ರಿಯಲ್ ಎಸ್ಟೇಟ್ ತಂಡದಲ್ಲಿ. ಇಂಟರ್ನ್ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಓದುವವರಲ್ಲಿ ನಾನೂ ಒಬ್ಬಳು. ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಕಲಿಯಲು ಉತ್ಸುಕಳಾಗಿದ್ದೇನೆ’ ಎಂದು ಆರಂಭವಾಗುವ ಪತ್ರಗಳು ರಾಶಿರಾಶಿ ಬರುತ್ತವೆ. ಅವುಗಳಲ್ಲಿ ಅರ್ಜಿದಾರರಿಗೆ ಏನು ಬರುತ್ತದೆ ಎಂಬುದು ಕಡೆಯವರೆಗೂ ತಿಳಿಯುವುದಿಲ್ಲ.

ಕನ್ನಡ ಮಾಧ್ಯಮವನ್ನು ನೀವು ಕೊರತೆಯೆಂಬಂತೆ ಬರೆದಿದ್ದೀರಿ. ನಮ್ಮ ತಂಡದಲ್ಲಿ ಅದು ಕೆಲಸಕ್ಕೆ ಬರುವ ವಿದ್ಯೆ. ಒಂದು ಜಮೀನಿನ ಹಕ್ಕು ಪರಿಶೀಲನೆಗೆ ಕುಳಿತರೆ ಮೇಜಿನ ಮೇಲೆ ಬರುವುದು ಪಹಣಿ, ಹಕ್ಕು ಬದಲಾವಣೆಯ ಆದೇಶ, ಋಣಭಾರ ಪತ್ರ, ಪೋಡಿ ನಕ್ಷೆ (ಜಮೀನು ವಿಭಾಗಿಸಿದ ಅಳತೆಯ ನಕ್ಷೆ), ಹಳೆಯ ಕ್ರಯಪತ್ರ; ಇವುಗಳಲ್ಲಿ ಹೆಚ್ಚಿನವು ಕನ್ನಡದಲ್ಲಿ, ಹಳೆಯವು ಕೈಬರಹದಲ್ಲಿ ಇರುತ್ತವೆ. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿ ಗಿರಣಿಗಳನ್ನು ನೀವು ನೋಡಿರುತ್ತೀರಿ. ಅಂಥ ಯೋಜನೆಗೆ ಸಾಲ ಕೊಡುವ ಬ್ಯಾಂಕು ಮೊದಲು ಕೇಳುವುದೇ ಜಮೀನಿನ ಹಕ್ಕಿನ ವರದಿಯನ್ನು. ಅದು ಮಂಜೂರಾತಿ ಜಮೀನೇ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆಯೇ, ಕೃಷಿ ಜಮೀನು ಯಾರು ಕೊಳ್ಳಬಹುದೆಂದು ನಿರ್ಬಂಧಿಸಿದ್ದ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ಕೈಬಿಟ್ಟಿದ್ದರಿಂದ ಹಳೆಯ ಖರೀದಿಯ ಮೇಲೆ ಏನು ಪರಿಣಾಮ, ಎಂದೆಲ್ಲ ನೋಡಬೇಕಾಗುತ್ತದೆ. ಪಹಣಿಯ ಕಾಲಂಗಳನ್ನು ಓದಿ ಅದರ ಸಾರಾಂಶವನ್ನು ಸ್ವಚ್ಛ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಯಬಲ್ಲ ವಿದ್ಯಾರ್ಥಿ ನಮಗೆ ಮೊದಲ ದಿನವೇ ನೆರವಾಗುತ್ತಾಳೆ. ಆ ಇಂಗ್ಲಿಷ್ ಸಾರಾಂಶವನ್ನು ಮಾತ್ರ ಅಭ್ಯಾಸ ಮಾಡಲೇಬೇಕು. ಅದರಲ್ಲಿ ರಿಯಾಯಿತಿ ಸಿಗುವುದಿಲ್ಲ.

ಆದ್ದರಿಂದ ಪತ್ರವನ್ನು ಹೀಗೆ ಕಟ್ಟಿ. ಮೊದಲ ವಾಕ್ಯದಲ್ಲಿ ನೀವು ಯಾರು, ಯಾವ ತಿಂಗಳು ಬರಬಲ್ಲಿರಿ, ಯಾವ ತಂಡದ ಕೆಲಸ ಬೇಕು ಎಂಬುದಿರಲಿ. ಎರಡನೆಯ ಭಾಗದಲ್ಲಿ ನೀವು ನಿಜವಾಗಿ ಮಾಡಿದ ಒಂದು ಕೆಲಸವನ್ನು ಹೇಳಿ: ‘ಪಾಲು ವಿಭಾಗದ ದಾವೆಯೊಂದರಲ್ಲಿ ಮೂವತ್ತು ವರ್ಷಗಳ ಪಹಣಿ ಮತ್ತು ಹಕ್ಕು ಬದಲಾವಣೆಗಳನ್ನು ಓದಿ ದಿನಾಂಕವಾರು ಪಟ್ಟಿ ತಯಾರಿಸಿದ್ದೇನೆ’ ಎಂಬ ಒಂದು ವಾಕ್ಯ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪ್ರಮಾಣಪತ್ರಗಳ ಸಾಲಿಗಿಂತ ಹೆಚ್ಚು ತೂಗುತ್ತದೆ. ಕಕ್ಷಿದಾರರ ಹೆಸರನ್ನಾಗಲಿ ಕೇಸಿನ ಸಂಖ್ಯೆಯನ್ನಾಗಲಿ ಬರೆಯಬೇಡಿ. ಗೋಪ್ಯ ಕಾಯುವುದನ್ನು ಅರಿತವರೆಂದು ಅದರಿಂದಲೇ ಗೊತ್ತಾಗುತ್ತದೆ. ಬಯೋಡೇಟಾ ಒಂದು ಪುಟ ಸಾಕು. ಮಾಡದ ಕೆಲಸವನ್ನು ಸೇರಿಸಲೇಬೇಡಿ, ಏಕೆಂದರೆ ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳೆಲ್ಲ ಆ ಪುಟದಿಂದಲೇ ಹುಟ್ಟುತ್ತವೆ.

ದೊಡ್ಡ ಫರ್ಮ್‌ಗಳು ತಮ್ಮ ಜಾಲತಾಣದಲ್ಲೇ ಅರ್ಜಿ ನಮೂನೆ ಇಟ್ಟಿರುತ್ತವೆ ಮತ್ತು ಬೇಸಿಗೆಯ ಸ್ಥಾನಗಳು ಬಹಳ ಮೊದಲೇ ಭರ್ತಿಯಾಗುತ್ತವೆ. ಮೇ ತಿಂಗಳಿಗೆ ಬೇಕಾದರೆ ಹಿಂದಿನ ದೀಪಾವಳಿಯ ಹೊತ್ತಿಗೇ ಅರ್ಜಿ ಹೋಗಿರಲಿ. ನನ್ನ ಸಲಹೆಯೆಂದರೆ, ಐದಾರು ವಕೀಲರಿರುವ ಸಣ್ಣ ಫರ್ಮ್‌ಗಳನ್ನು ಬಿಡಬೇಡಿ. ಅಲ್ಲಿ ಪಾಲುದಾರರೇ ನಿಮ್ಮ ಕರಡನ್ನು ತಿದ್ದುತ್ತಾರೆ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ

ಸರ್, ಅಕ್ಕ, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ತಂದೆಯವರ ಜಮೀನಿನ ಪಹಣಿಯನ್ನು ಹಿಡಿದುಕೊಂಡು ಸಾರಾಂಶ ಬರೆಯುವ ಅಭ್ಯಾಸವನ್ನು ಇಂದೇ ಆರಂಭಿಸುತ್ತೇನೆ. ಒಂದು ಮಾತು ಕೇಳಲು ಸಂಕೋಚವಾಗುತ್ತದೆ. ಪದವಿಯ ನಂತರ ಜೂನಿಯರ್ ಆಗಿ ಸೇರಿದರೆ ಮೊದಲ ವರ್ಷಗಳಲ್ಲಿ ಜೀವನ ನಡೆಯುವುದು ಹೇಗೆ? ಮನೆಯಿಂದ ಹಣ ತರಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ.

ಉತ್ತರ 3: ವಕೀಲೆ, ಚಿತ್ರದುರ್ಗ

ಇದರಲ್ಲಿ ಸಂಕೋಚ ಬೇಡಮ್ಮ, ಸೇರುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಜೂನಿಯರ್‌ಗಳಿಗೆ ತಿಂಗಳಿಗೆ ನಗರ ಪ್ರದೇಶದಲ್ಲಿ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ ಅದು ಸಲಹೆಯೇ ಹೊರತು ಕಡ್ಡಾಯವಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಅಷ್ಟು ಕೊಡುವ ಆಫೀಸುಗಳು ವಿರಳ ಎಂಬುದನ್ನು ಮುಚ್ಚಿಡುವುದರಿಂದ ನಿಮಗೆ ಉಪಕಾರವಾಗುವುದಿಲ್ಲ. ನೀವು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗಕ್ಕೆ ಸೇರಿದ್ದರೆ, ಕಾನೂನು ಪದವೀಧರರಿಗೆ ಶಿಷ್ಯವೇತನ ಸಹಿತ ನ್ಯಾಯಾಡಳಿತ ತರಬೇತಿ ನೀಡುವ ಸರ್ಕಾರದ ಯೋಜನೆಗಳಿವೆ. ಸಂಬಂಧಪಟ್ಟ ಇಲಾಖೆಯ ಜಿಲ್ಲಾ ಕಚೇರಿಯ ಪ್ರಕಟಣೆಯನ್ನು ಪದವಿ ಮುಗಿಯುವ ವರ್ಷದಿಂದಲೇ ಗಮನಿಸುತ್ತಿರಿ.

ಸನ್ನದಿನ ನೋಂದಣಿ ಶುಲ್ಕದ ಭಾರ ಈಗ ಇಳಿದಿದೆ. ವಕೀಲರ ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ನೀಡಿದ್ದು, ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮಾತ್ರ.

ನ್ಯಾಯಾಧೀಶರಾಗುವ ಮನಸ್ಸಿದ್ದರೆ, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ 3 ವರ್ಷಗಳ ವೃತ್ತಿ ಅನುಭವ ಬೇಕೆಂದು 2025ರ ಮೇ 20ರಂದು ಬಂದ ತೀರ್ಪನ್ನು ಓದಿಕೊಳ್ಳಿ. ಆ ಅವಧಿಯನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ ಹಾಕುತ್ತಾರೆ. ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಅದರಲ್ಲಿ ಸೇರುತ್ತದೆ. ಹೈಕೋರ್ಟ್ ಲಾ ಕ್ಲರ್ಕ್ ಹುದ್ದೆಗಳಿಗೆ ಕರೆಯುವ ಅಧಿಸೂಚನೆಗೂ ಅರ್ಜಿ ಹಾಕಿ. ಗೌರವಧನ ಇರುವುದರಿಂದ ಬೆಂಗಳೂರಿನ ವಾಸದ ಖರ್ಚಿಗೆ ಆಸರೆಯಾಗುತ್ತದೆ. ಯಾವ ಆಫೀಸಿಗೆ ಸೇರುವಾಗಲೂ ಎಷ್ಟು ಕೊಡುತ್ತಾರೆ, ಸ್ವಂತ ವಕಾಲತ್ತು ಹಾಕಲು ಬಿಡುತ್ತಾರೆಯೇ ಎಂಬ ಎರಡನ್ನೂ ಮೊದಲ ಭೇಟಿಯಲ್ಲೇ ವಿನಯದಿಂದ, ಸ್ಪಷ್ಟವಾಗಿ ಕೇಳಿರಿ. ಚಿತ್ರದುರ್ಗದ ನ್ಯಾಯಾಲಯದಲ್ಲಿ ಕಲಾಪ ನೋಡಲು ಬರುವುದಾದರೆ ನನ್ನ ಆಫೀಸಿನಲ್ಲಿ ಒಂದು ಮೇಜು ಖಾಲಿ ಇದೆ. ಕಾಲೇಜಿನ ಪತ್ರ ತನ್ನಿ.