ಎಂಆರ್‌ಐ ಒಳಗೆ ಬೆರಳಿಗೆ ಸ್ಪರ್ಶ ಕೊಡುವ ಸಾಧನ: ಮಾಡಿದವರು ಹೇಳಿ

ಬಾಗಲಕೋಟೆ, ಬಯೋಮೆಡಿಕಲ್ ವಿದ್ಯಾರ್ಥಿನಿ:
ಸ್ಕ್ಯಾನ್ ನಡೆಯುವಾಗಲೇ ಐದು ಬೆರಳ ತುದಿಗೂ ಒಂದೊಂದಾಗಿ ಸ್ಪರ್ಶ ಕೊಡಬೇಕು. ಯಾವ ಬೆರಳಿಗೆ ಮೆದುಳಿನ ಯಾವ ಜಾಗ ಎಂದು ನೋಡುವ ಪ್ರಾಜೆಕ್ಟ್. ಮೊಬೈಲಿನ ವೈಬ್ರೇಟರ್ ಮೋಟಾರ್ ಹಾಕಬಹುದಾ?

ವಿಜಯಪುರ, ಎಂಆರ್‌ಐ ಟೆಕ್ನಿಷಿಯನ್:
ಆ ಮೋಟಾರ್ ಬೇಡವೇ ಬೇಡ. ಅದರೊಳಗೇ ಅಯಸ್ಕಾಂತ ಇದೆ. ಸ್ಕ್ಯಾನ್ ನಡೆಯದಿದ್ದಾಗಲೂ ನಮ್ಮ ಮ್ಯಾಗ್ನೆಟ್ ಆನ್ ಆಗಿಯೇ ಇರುತ್ತದೆ, ಇದನ್ನು ಯಾವತ್ತೂ ಮರೆಯಬೇಡಿ. ತಂತಿಯೂ ಅಪಾಯವೇ. ಸುರುಳಿಯಾಗಿ ಚರ್ಮಕ್ಕೆ ತಾಗಿದರೆ ಸ್ಕ್ಯಾನರಿನ ರೇಡಿಯೋ ಅಲೆಗೆ ಕಾದು ಸುಡುತ್ತದೆ. ಸ್ಕ್ಯಾನ್ ಕೋಣೆಯ ಗೋಡೆಯಲ್ಲಿ ವೇವ್‌ಗೈಡ್ ಎಂಬ ಕೊಳವೆ ಇರುತ್ತದೆ. ಅದರಲ್ಲಿ ಪ್ಲಾಸ್ಟಿಕ್ ಪೈಪ್ ತೂರಿಸಬಹುದು. ತಂತಿ ತೂರಿಸಿದರೆ ಅದೇ ಆಂಟೆನಾ ಆಗಿ ಹೊರಗಿನ ಗದ್ದಲವನ್ನೆಲ್ಲ ಚಿತ್ರಕ್ಕೆ ತರುತ್ತದೆ.

ಬೆಳಗಾವಿ, ಉದ್ಯಮಬಾಗ, ನ್ಯೂಮ್ಯಾಟಿಕ್ ಕೆಲಸ:
ತಂಗಿ, ಗಾಳಿಯಲ್ಲೇ ಮಾಡು. ಕಂಪ್ರೆಸರ್, ರೆಗ್ಯುಲೇಟರ್, ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವುದು) ಎಲ್ಲ ಹೊರಗಿನ ಕೋಣೆಯಲ್ಲೇ ಇರಲಿ, ಒಳಗೆ ಹೋಗುವುದು ಗಾಳಿ ಮಾತ್ರ. ವಾಲ್ವ್ 3/2 ತಗೋ, ಅಂದರೆ ಮೂರು ದಾರಿ, ಎರಡು ಸ್ಥಿತಿ ಇರುವುದು. ಒತ್ತಿದ ಗಾಳಿ ಹೊರಹೋಗಲು ದಾರಿ ಬೇಕಲ್ವಾ? ಬೆರಳಿಗೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕ್ಲಿಪ್, ಅದರ ಮೇಲೆ ತೆಳು ರಬ್ಬರ್ ಪೊರೆ, ನೈಲಾನ್ ಸ್ಕ್ರೂ.

ಒಂದು ವಿಷಯ ಜಾಸ್ತಿ ಜನರ ಕಣ್ಣಿಗೆ ಬೀಳುವುದಿಲ್ಲ. ಪೈಪ್ ಒತ್ತಿ ಸೇರಿಸುವ ಪುಶ್ ಫಿಟ್ಟಿಂಗ್ ಹೊರಗೆ ಪ್ಲಾಸ್ಟಿಕ್, ಆದರೆ ಒಳಗೆ ಪೈಪ್ ಹಿಡಿಯಲು ಸ್ಟೀಲಿನ ಹಲ್ಲು ಇರುತ್ತದೆ. ಒಳಗಿನ ಕೋಣೆಗೆ ಪೂರ್ತಿ ಪ್ಲಾಸ್ಟಿಕ್ಕಿನದೇ ಬೇಕು. ಪ್ರತಿ ತುಂಡಿಗೂ ಅಯಸ್ಕಾಂತ ಹಿಡಿದು ನೋಡು, ಆಮೇಲೂ ಟೆಕ್ನಿಷಿಯನ್ ಒಪ್ಪದೆ ಒಳಗೆ ಒಯ್ಯಬೇಡ.

ಪೈಪ್ ಮೆತ್ತಗಿದ್ದರೆ ಉಬ್ಬಿ ಒತ್ತಡವನ್ನು ನುಂಗುತ್ತದೆ. ಗಟ್ಟಿ ಪಾಲಿಯುರಿಥೇನ್ ಪೈಪ್ ಹಾಕು. ಗಾಳಿಯಲ್ಲಿ ಒತ್ತಡ ಸಾಗುವುದು ಸೆಕೆಂಡಿಗೆ ಸುಮಾರು 340 ಮೀಟರ್. 10 ಮೀಟರ್ ಪೈಪ್ ಅಂದರೆ ಕನಿಷ್ಠ 30 ಮಿಲಿಸೆಕೆಂಡ್ ತಡ, ಪೊರೆ ತುಂಬುವ ಸಮಯ ಬೇರೆ. ಐದೂ ಪೈಪ್ ಒಂದೇ ಉದ್ದ ಕತ್ತರಿಸು. ತುದಿಯಲ್ಲಿ ಪ್ರೆಶರ್ ಸೆನ್ಸರ್ ಇಟ್ಟು ಟೇಬಲ್ ಮೇಲೇ ಅಳೆದುಕೋ.

ವಿದ್ಯಾರ್ಥಿನಿ:
ಅಣ್ಣಾ, ಇದರಲ್ಲೇ 250 ಹರ್ಟ್ಸ್ ಕಂಪನ ಬರುತ್ತದಾ?

ಉದ್ಯಮಬಾಗ:
ಇಲ್ಲ. ಇಷ್ಟು ಉದ್ದದ ಪೈಪಿನಲ್ಲಿ ಅದು ಸತ್ತೇ ಹೋಗುತ್ತದೆ. ತಟ್ಟುವುದಕ್ಕಷ್ಟೇ ಗಾಳಿ.

ಬೆಳಗಾವಿ, ಸಂಶೋಧಕಿ:
ಚರ್ಮದಲ್ಲಿ ಕಂಪನ ಗ್ರಹಿಸುವ ಪಾಸಿನಿಯನ್ ಗ್ರಾಹಕ ಚುರುಕಾಗುವುದೇ 250ರ ಆಸುಪಾಸು. ಅದೇ ಬೇಕೆಂದರೆ ವೋಲ್ಟೇಜ್ ಕೊಟ್ಟರೆ ಬಾಗುವ ಪೀಜೋ ಪಟ್ಟಿ, ಶೀಲ್ಡ್ ಮಾಡಿದ ಕೇಬಲ್, ಫಿಲ್ಟರ್ ಎಲ್ಲ ಬೇಕು. ಬೆರಳ ನಕ್ಷೆಗೆ ತಟ್ಟುವುದು ಸಾಕು.

30 ಮಿಲಿಸೆಕೆಂಡಿಗೆ ಇಲ್ಲಿ ಹೆದರಬೇಡಿ. ಎಫ್‌ಎಂಆರ್‌ಐ (ಮೆದುಳಿನ ಕೆಲಸ ತೋರಿಸುವ ಎಂಆರ್‌ಐ) ನೋಡುವುದು ರಕ್ತದ ಬದಲಾವಣೆಯನ್ನು, ಅದು ಏರಲು ಐದಾರು ಸೆಕೆಂಡ್ ಬೇಕು. ಮುಂದೆ ಎಂಇಜಿ (ಮೆದುಳಿನ ಕಾಂತೀಯ ಸಂಕೇತವನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಳೆಯುವುದು) ಮಾಡಿದರೆ ಮಾತ್ರ ಈ ತಡ ದೊಡ್ಡದು. ಮಣಿಕಟ್ಟಿನ ನರಕ್ಕೆ ವಿದ್ಯುತ್ ಕೊಟ್ಟರೆ ಮೆದುಳು 20 ಮಿಲಿಸೆಕೆಂಡಿಗೇ ಉತ್ತರಿಸುತ್ತದೆ.

ನನಗೆ ಚಿಂತೆಯ ವಿಷಯ ಬೇರೆ. ತಟ್ಟಿದಾಗ ತೋಳು ಅಲುಗಿ, ಅದರ ಜೊತೆ ತಲೆಯೂ ಅಲುಗಿದರೆ, ಆ ಅಲುಗಾಟ ಸ್ಪರ್ಶದ ತಾಳಕ್ಕೇ ಸರಿಯಾಗಿ ಬಂದು ಮೆದುಳಿನ ಉತ್ತರದ ಹಾಗೆ ಕಾಣುತ್ತದೆ. ಕೈಯನ್ನು ದಿಂಬಿನಲ್ಲಿ ಹುದುಗಿಸಿ, ಬಲ ಕಡಿಮೆ ಮಾಡಿ. ಸುಮ್ನೆ ಒತ್ತಿ ಹಿಡಿಯಬೇಡಿ, ಗ್ರಾಹಕಗಳು ಬೇಗ ಒಗ್ಗಿಹೋಗುತ್ತವೆ. ಬಿಟ್ಟು ಬಿಟ್ಟು ತಟ್ಟಿ.

ಮನುಷ್ಯರಿಗಿಂತ ಮೊದಲು ಫ್ಯಾಂಟಮ್ (ಮನುಷ್ಯರ ಬದಲು ಸ್ಕ್ಯಾನ್ ಮಾಡುವ ಪರೀಕ್ಷಾ ವಸ್ತು) ಇಟ್ಟು, ಸಾಧನ ಆನ್ ಮತ್ತು ಆಫ್, ಎರಡೂ ಸಲ ಸ್ಕ್ಯಾನ್ ಮಾಡಿ. ಚಿತ್ರದಲ್ಲಿ ವ್ಯತ್ಯಾಸ ಕಂಡರೆ ಮುಂದೆ ಹೋಗಬೇಡಿ. ಎಥಿಕ್ಸ್ ಒಪ್ಪಿಗೆಗೆ ಈಗಲೇ ಅರ್ಜಿ ಹಾಕಿ.

ಫಲಿತಾಂಶ ಸರಿಯಿದೆಯೇ ಎಂದು ನೋಡಲು 1937ರ ಪೆನ್‌ಫೀಲ್ಡ್ ಮತ್ತು ಬೋಲ್ಡ್ರೆ ಮಾಡಿದ, ದೇಹದ ಯಾವ ಭಾಗಕ್ಕೆ ಮೆದುಳಿನ ಯಾವ ಜಾಗ ಎಂಬ ನಕ್ಷೆ ಇದೆ. ಬಲಗೈಗೆ ಎಡ ಮೆದುಳು, ಹೆಬ್ಬೆರಳು ಕೆಳಗೆ, ಕಿರುಬೆರಳು ಮೇಲೆ. ನಿಮ್ಮ ಐದು ಚುಕ್ಕೆಗಳು ಈ ಸಾಲಿನಲ್ಲಿ ಬರದಿದ್ದರೆ, ಪೈಪುಗಳ ನಂಬರ್ ಅದಲುಬದಲಾಗಿದೆಯೇ ಎಂದು ಮೊದಲು ನೋಡಿ.