ಅಪ್‌ಡೇಟ್: ಕಾಸರಗೋಡಿನ ಬದಿಯಡ್ಕದ ಮನೆ, ಮಳೆಗೆ ಮುಂಚೆ ತಾರಸಿ ಆಯ್ತು

ಮನೆ ಕೆಲಸ ವಾರವಾರ ಹಿಂದೆ ಬೀಳುತ್ತಿದೆ, ಮಳೆಗಾಲದ ಒಳಗೆ ತಾರಸಿ ಮುಗಿಸೋದು ಹೇಗೆ ಅಂತ ಫೆಬ್ರವರಿಯಲ್ಲಿ ಕೇಳಿದ್ದೆನಲ್ಲ. ನೀವು ಹೇಳಿದ ಹಾಗೆ ಜೂನ್ 1ರಿಂದ ಹಿಂದಕ್ಕೆ ಎಣಿಸಿದೆ, ಕೇರಳಕ್ಕೆ ಮಳೆ ಬರುವ ಲೆಕ್ಕ ಅದೇ ಅಲ್ವಾ. ಆಗ ಗೊತ್ತಾಯಿತು, ನಾನು ಸುಮ್ನೆ ಕಿಟಕಿ ಕಿಟಕಿ ಅಂತ ಓಡಾಡುತ್ತಿದ್ದೆ, ಎಲ್ಲವನ್ನೂ ತಡೆದಿದ್ದು ಕೆಂಪುಕಲ್ಲು. ಕಲ್ಲು ಬಾರದೆ ಗೋಡೆ ಇಲ್ಲ, ಗೋಡೆ ಏಳದೆ ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಹಲಗೆ, ಆಸರೆ ಕಂಬ) ಇಲ್ಲ, ಕಾಂಕ್ರೀಟ್ ಹಾಕಿದ ಮೇಲೂ 5 ಮೀಟರ್ ಅಗಲದ ಹಾಲ್‌ನ ಆಸರೆ ಕಂಬಗಳನ್ನು 14 ದಿನ ಮುಟ್ಟುವ ಹಾಗಿಲ್ಲ. ಈ ಸಾಲಲ್ಲಿ ಒಂದು ದಿನ ಹೋದರೆ ಮನೆಯೇ ಒಂದು ದಿನ ಹಿಂದೆ. ಕಿಟಕಿ ಎರಡು ವಾರ ತಡವಾದರೂ ನಡೆಯುತ್ತಿತ್ತು. ವಿಷು ರಜೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿದೆ. ಮೇ 8ಕ್ಕೆ ಕಾಂಕ್ರೀಟ್ ಆಯಿತು. ಅಮ್ಮ ದಿನಾ ನೀರು ಕಟ್ಟಿ ಕ್ಯಾಲೆಂಡರ್ ಮೇಲೆ ಪೆನ್ಸಿಲ್ ಗೀಟು ಹಾಕಿದರು. ನಿನ್ನೆ ಆಸರೆ ಕಂಬ ತೆಗೆದರು. ತುಂಬಾ ಉಪಕಾರ ಆಯ್ತು.